ಇಪ್ಪತ್ತು ಮೂವತ್ತು

ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಇಪ್ಪತ್ತಾರು ವರ್ಷ,
ಮೊದಲು ಮೂವರು, ಆಮೇಲೆ ಐವರು.
ಗೂಡ್ಸ್ ಹೋದಾಗೆಲ್ಲ ಸ್ಟ್ಯಾಂಡಿನ ಲೋಟಗಳು
ಕೂದಲೆಳೆಯಷ್ಟು ಮುಂದಕ್ಕೆ ಜರುಗುತ್ತಿದ್ದವು.
ಮಲಗುವ ಮುಂಚೆ ನಾನು ಹಿಂದಕ್ಕೆ ತಳ್ಳಿಡುತ್ತಿದ್ದೆ.
ಆ ಮನೆಯಲ್ಲಿ ಜಾಗ ಅಂದರೆ ಅದು:
ದಿನವೂ ಹಿಂದಕ್ಕೆ ತಳ್ಳಿಡುವಂಥದ್ದು.

ಮಾರ್ಚಿಗೆ ಇವರ ಸರ್ವೀಸು ಮುಗಿಯುತ್ತದೆ.
ಕಂತೇನಹಳ್ಳಿ ಕೆರೆಯಾಚೆ ಸೈಟು, ಇಪ್ಪತ್ತು ಮೂವತ್ತು.
ಮೇಸ್ತ್ರಿ ಫಕ್ರುದ್ದೀನ್ ಸಾಬರು ಗೂಟ ಹೊಡೆದು
ದಾರ ಎಳೆದು, ಡಬ್ಬದಿಂದ ಸುಣ್ಣದ ಪುಡಿ ಉದುರಿಸಿ
"ಇದು ಹಾಲ್, ಇದು ಅಡಿಗೆ, ಇದು ರೂಮು,
ಒಳಗೆ ಬನ್ನಿ ಅಮ್ಮ" ಅಂದರು.
ಬಾಗಿಲಿಲ್ಲದ ಕಡೆ ದಾಟಿದ್ದಕ್ಕೆ
ಅತ್ತೆ ಬೈದರು: "ಗೋಡೆ ತುಳಿದೆಯಲ್ಲೇ!"

ಎಲ್ಲರಿಗೂ ಒಂದೊಂದು ಲೆಕ್ಕ.
ಯತೀಶನಿಗೆ ಬೈಕು ಒಳಗೇ ನಿಲ್ಲಬೇಕು.
ಸಿಂಚನಾಗೆ ಒಳಚಿಲಕ ಬೀಳುವ ರೂಮು.
ಭಾವನವರು ಪಂಚಾಂಗ ಹಿಡಿದು ಬಂದು
ಸಿಂಹಾಯ ಬರಬೇಕಾದರೆ ಒಂಬತ್ತು ಅಂಗುಲ ಕಡಿಮೆ ಮಾಡಿ ಅಂದರು.
ಅತ್ತೆಗೆ ನೆಂಟರು ನಲವತ್ತು ಜನ ಕೂರುವ ಹಜಾರ.
"ಯಾವ ನಲವತ್ತು ಜನ?"
ಬೆರಳು ಮಡಿಸುತ್ತಾ ಹೋದರು,
ಹದಿನೇಳಕ್ಕೆ ನಿಂತರು,
ಅದರಲ್ಲಿ ಆರು ಜನ ತೀರಿಕೊಂಡಿದ್ದರು.

ಇವರು ಕಂಬಿ ಪರೀಕ್ಷೆಗೆ ಹೊರಟವರ ಹಾಗೆ
ತಲೆ ಬಗ್ಗಿಸಿ ಹೆಜ್ಜೆಯಲ್ಲಿ ಅಳೆದರು.
"ಮೀಟರ್ ಗೇಜ್ ಕಿತ್ತು ಬ್ರಾಡ್ ಗೇಜ್ ಹಾಕಿದ ಕೈ ಇದು,
ಮನೆ ಮಾತ್ರ ಇನ್ನೂ ಮೀಟರ್ ಗೇಜೇ.
ಸಾಲ ಮಾಡಿ ಮೇಲೊಂದು ಎತ್ತೋಣವೇನೇ?"

ನಾನು ಒಂದು ವಾರ ಸುಮ್ಮನೆ ನೋಡಿದೆ,
ಯಾರು ಎಲ್ಲಿ, ಎಷ್ಟು ಹೊತ್ತು.
ಟಿ.ವಿ. ಮುಂದೆ ಯಾರೂ ಇರಲಿಲ್ಲ, ಅದೇ ಓಡುತ್ತಿತ್ತು.
ಮಂಚದ ಕೆಳಗೆ ಟ್ರಂಕು, ಹಳೆ ತೊಟ್ಟಿಲು, ಕೆಟ್ಟ ಮಿಕ್ಸಿ ಮೂರು,
ಅವಕ್ಕೇ ಮನೆಯ ಕಾಲುಭಾಗ.
ಐವರೂ ಸೇರುತ್ತಿದ್ದದ್ದು ಅಡಿಗೆಮನೆ ಹೊಸ್ತಿಲ ಹತ್ತಿರ,
ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು,
ಜಾಗವಿಲ್ಲ ಜಾಗವಿಲ್ಲ ಅಂತ ಬೈಯುತ್ತಾ.
ನಾನು? ಬಚ್ಚಲಲ್ಲಿ.
ಒಳಗಿಂದ ಚಿಲಕವಿದ್ದದ್ದು ಅದೊಂದಕ್ಕೇ.
ನಲ್ಲಿ ಬಿಟ್ಟುಕೊಂಡು ಎಷ್ಟೋ ಸಲ
ಏನೂ ತೊಳೆಯದೆ ನಿಂತಿದ್ದೇನೆ.

ಭಾನುವಾರ ಮತ್ತೆ ಸೈಟಿಗೆ ಹೋದರೆ
ಪಕ್ಕದ ಶೆಡ್ಡಿನ ಹುಡುಗಿಯರು
ನಮ್ಮ ಮನೆಯೊಳಗೆ ಕುಂಟೆಬಿಲ್ಲೆ ಆಡುತ್ತಿದ್ದರು.
ಹೆಂಚಿನ ಚೂರು ದೇವರಮನೆಗೆ ಬಿದ್ದಿತ್ತು.
ಒಂಟಿಕಾಲಲ್ಲಿ ಹಾಲ್ ದಾಟಿ, ಅಡಿಗೆ ದಾಟಿ
ಒಬ್ಬಳು ರೂಮಿನಲ್ಲಿ ನಿಂತು ಏದುಸಿರಲ್ಲಿ ಕೂಗಿದಳು:
"ಇದು ನನ್ನ ಮನೆ! ನಾನಿಲ್ಲಿ ಎರಡೂ ಕಾಲು ಊರಬಹುದು!"
ಮಿಕ್ಕವರು ಆ ಮನೆ ತುಳಿಯದೆ ಹಾರಿ ಹೋದರು.

ಇವರು ಗದರಿಸಲು ಹೊರಟರು. ನಾನು ಬಿಡಲಿಲ್ಲ.

ಸಂಜೆ ಫಕ್ರುದ್ದೀನ್ ಸಾಬರಿಗೆ ಹೇಳಿದೆ:
ಮೇಲಿನದು ಬೇಡ. ಸ್ಟೋರ್ ರೂಮು ಅಳಿಸಿ,
ಆ ಜಾಗ ಅಡಿಗೆಮನೆಗೆ ಸೇರಲಿ. ಹೊಸ್ತಿಲು ಅಗಲವಾಗಲಿ,
ಕೂರುವಷ್ಟು.
ಹುಡುಗಿಯ ಬಾಗಿಲಿಗೆ ಚಿಲಕ ಇರಲಿ.
ಆಮೇಲೆ, ಹಿತ್ತಲ ಗೋಡೆಗೆ ಆತು ನಾಲ್ಕಡಿ ಮೂರಡಿ,
ಒಂದು ಕಿಟಕಿ, ಜೇನುಕಲ್ಲು ಗುಡ್ಡ ಕಾಣುವ ಹಾಗೆ.
"ಇದಕ್ಕೇನಂತ ಬರೆಯಲಿ ಅಮ್ಮ?
ಪೂಜೆಗೋ, ವಾಷಿಂಗ್ ಮಿಷಿನ್ನಿಗೋ?"
ಏನೂ ಬರೆಯಬೇಡಿ ಅಂದೆ.

ಅವರು ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಇವರ ಮುಖ ನೋಡಿದರು.
ಇವರು ಇಟ್ಟಿಗೆ ಲೆಕ್ಕ ನಿಲ್ಲಿಸದೆ,
ನೆಲ ನೋಡುತ್ತಲೇ ಅಂದರು:
"ಆ ಕಿಟಕಿ ಇನ್ನೂ ಅರ್ಧ ಅಡಿ ಕೆಳಗೆ ಬರಲಿ,
ಅವಳು ಗಿಡ್ಡ."