ನೀಲಿ ದಾರದ ಬಾಣಲೆ

ಮೇಜು ಆರು, ಸ್ಟೂಲು ಇಪ್ಪತ್ತೆರಡು,
ಒಂದರ ಕಾಲಡಿ ಮಡಚಿಟ್ಟ ರಟ್ಟು.
ಚಾಂಗ್‌ಹುವಾ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ
ನನ್ನ ಅಂಗಡಿಗೆ ಹೆಸರಿಲ್ಲ; ಬೋರ್ಡಿನಲ್ಲಿರುವುದು
ಸೋಡಾ ಕಂಪನಿಯ ಹೆಸರು, ಅದೂ ಅರ್ಧ ಮಾಸಿದೆ.
ಹುಡುಕಿ ಬರುವವರು ಕೇಳುತ್ತಾರೆ:
"ಕುಂಟು ಸ್ಟೂಲಿನ ಅಂಗಡಿ ಎಲ್ಲಿ?"

ಕೂತ ಮೇಲೆ ಚೀಟಿ. ಬೇಕಾದ್ದರ ಮುಂದೆ
ಪೆನ್ಸಿಲಿನಲ್ಲೊಂದು ಗೀಟು:
ಹಂದಿಬಾಡಿನ ಅನ್ನ, ಕಳಲೆ ಸಾರು,
ಬೆಂದ ಮೊಟ್ಟೆ, ಗೆಣಸಿನ ಸೊಪ್ಪು.
ಪೆನ್ಸಿಲು ಮಾತ್ರ ಇಲ್ಲಿ ನಿಲ್ಲುವುದಿಲ್ಲ.
ಮೂವತ್ತು ವರ್ಷದಲ್ಲಿ ಈ ಊರಿನ ಎಷ್ಟು ಮಕ್ಕಳು
ನನ್ನ ಪೆನ್ಸಿಲಿನಲ್ಲಿ ಲೆಕ್ಕ ಕಲಿತರೋ,
ಗುಣಾಕಾರ ತಪ್ಪಿದ್ದರೆ ನನ್ನನ್ನು ಬೈಯಬೇಡಿ.

ಬಾಡು ರಾತ್ರಿಯೇ ಒಲೆಗೇರುತ್ತದೆ.
ಸೋಯಾ, ಕಲ್ಲುಸಕ್ಕರೆ, ಕರಿದ ಈರುಳ್ಳಿ,
ಅತ್ತೆ ಹೇಳದೆಯೇ ಸತ್ತ ಇನ್ನೇನೋ ಒಂದು;
ಅದರ ಬದಲು ನಾನು ಚಕ್ಕೆ ಹಾಕುತ್ತೇನೆ,
ಈವರೆಗೆ ಯಾರೂ ತಕರಾರು ತೆಗೆದಿಲ್ಲ.
ತೊಗಲು ಬಿಟ್ಟು ಬಾಡು ಜಾರದ ಹಾಗೆ
ತುಂಡು ತುಂಡಿಗೂ ಬಿದಿರುಕಡ್ಡಿ ಚುಚ್ಚುವುದು ನನ್ನ ಕೆಲಸ.
ಕಡ್ಡಿ ಕಿತ್ತು ತಿನ್ನುವುದು ನಿಮ್ಮದು.

ಸಂಜೆ ಐದೂವರೆಗೆ ಗಾಲಿಕುರ್ಚಿ ಬರುತ್ತದೆ.
ಅದರಲ್ಲಿ ಶ್ಯೋ ಮನೆಯ ಆಮಾ, ತೊಂಬತ್ತೊಂದು ವರ್ಷ.
ಹಿಂದೆ ತರ್ಸಿನಿ, ಜಾವಾದಿಂದ ಬಂದವಳು,
ಕಿತ್ತಳೆ ಬಣ್ಣದ ತಲೆವಸ್ತ್ರ, ಹೆಗಲಲ್ಲಿ ಆಮಾಳ ಔಷಧಿಚೀಲ.
ಮೊದಲ ದಿನ ಅವಳು ಚೀಟಿಯನ್ನು
ಪ್ರಶ್ನೆಪತ್ರಿಕೆಯಂತೆ ಹಿಡಿದು ಕೂತಿದ್ದಳು.
ಕೊನೆಗೆ ಬರಿ ಅನ್ನದ ಮುಂದೆ ಗೀಟೆಳೆದು
ಚೀಲದಿಂದ ಉಪ್ಪಿನ ಡಬ್ಬಿ ತೆಗೆದಳು.

ಬರಿ ಅನ್ನ, ಉಪ್ಪು! ನನ್ನ ಅಂಗಡಿಯಲ್ಲಿ!
ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಬೆಳಿಗ್ಗೆ ಸಂತೆಗೆ ಹೋಗಿ ಸಣ್ಣದೊಂದು ಬಾಣಲೆ ಕೊಂಡೆ,
ಇನ್ನೂರ ಅರವತ್ತು ಅಂದ, ಇನ್ನೂರ ನಲವತ್ತಕ್ಕಿಳಿಸಿದೆ.
ಹಿಡಿಗೆ ನೀಲಿ ದಾರ ಸುತ್ತಿ
ಕಿಟಕಿಯ ಮೊಳೆಗೆ ತೂಗುಹಾಕಿದೆ,
ಹಂದಿಯ ಜಿಡ್ಡು ಹಾರದಷ್ಟು ದೂರ.
ಅದರಲ್ಲಿ ಕಡಲೆಕಾಯಿ ಎಣ್ಣೆ, ಎರಡು ಮೊಟ್ಟೆ, ಸೊಪ್ಪು, ಅಷ್ಟೇ.
ಮುಟ್ಟಿದರೆ ಕೈ ಮುರೀತೀನಿ ಅಂದೆ ಗಂಡನಿಗೆ.
ಈಗವನು ಅದರ ಪಕ್ಕ ಹಾಯುವಾಗಲೂ
ಹೊಟ್ಟೆ ಒಳಗೆಳೆದುಕೊಳ್ಳುತ್ತಾನೆ.

ಆಮಾಗೆ ತರ್ಸಿನಿ ದಿನಕ್ಕೊಬ್ಬಳು.
ಸೋಮವಾರ ದಾದಿ, ಬುಧವಾರ ಬಾಕಿ ವಸೂಲಿಗೆ ಬಂದವಳು,
ನಿನ್ನೆ ತಂಗಿ ಆ-ಹ್ವೇ.
ಬಾಂಬಿನ ವರ್ಷ ಗುಡ್ಡ ಹತ್ತಿ ಅಡಗಿದಾಗ
ಬರಿ ಗೆಣಸು ತಿಂದು ಬದುಕಿದ್ದು, ಆಮೇಲೆ ಬದುಕದ್ದು.
"ತಿನ್ನು ಹ್ವೇ, ಎಲುಬು ಕಾಣ್ತಿದೆ."
ನಡುಗುವ ಕೈ ತನ್ನ ತುಂಡನ್ನೆತ್ತಿ,
ಕಡ್ಡಿ ಸಮೇತ, ಮೇಜಿನುದ್ದ ಹನಿ ಚೆಲ್ಲುತ್ತ,
ತರ್ಸಿನಿಯ ಮೊಟ್ಟೆಯ ಮೇಲಿಟ್ಟಿತು.

ಟಿವಿಯಲ್ಲಿ ಚಂಡಮಾರುತದ ನಕಾಶೆ ಸುತ್ತುತ್ತಿತ್ತು.
ಲಾರಿ ಚಾಲಕರಿಬ್ಬರು ಸಾರು ಹೀರುವುದು ನಿಲ್ಲಿಸಿದರು.
ನನ್ನ ಸೌಟು ಗಾಳಿಯಲ್ಲಿ.

ಬಟ್ಟಲು ದೂಡಲಿಲ್ಲ ತರ್ಸಿನಿ.
"ಅಕ್ಕಾ" ಅಂದಳು, ನಮ್ಮ ತೈವಾನಿ ಮಾತಿನಲ್ಲೇ,
ಯಾರು ಕಲಿಸಿದರೋ, ನಾನಂತೂ ಅಲ್ಲ,
"ನಿನ್ನ ಹಲ್ಲಿಗೆ ಇದು ದಪ್ಪ. ಬಿಡಿಸಿಕೊಡ್ತೀನಿ ಇರು."
ಕಡ್ಡಿ ಕಿತ್ತು, ಆಮಾಳದೇ ಚಾಪ್‌ಸ್ಟಿಕ್ಕಿನಲ್ಲಿ
ಎಳೆ ಎಳೆ ಬಿಡಿಸಿ ಅಷ್ಟನ್ನೂ ಉಣಿಸಿದಳು.
ಅಗಿಯುತ್ತಲೇ ಕೇಳಿದಳು ಆಮಾ: "ನಿಂಗೆ?"
"ನಂದಾಯ್ತು."

ಕೇಳದೆಯೇ ಅವಳ ಬಟ್ಟಲೆತ್ತಿಕೊಂಡು ಬಂದೆ.
ನೀಲಿ ದಾರದ ಬಾಣಲೆಗೆ ಮತ್ತೆರಡು ಮೊಟ್ಟೆ,
ಒಂದರ ಸಿಪ್ಪೆ ಒಳಗೇ ಬಿತ್ತು,
ಬೆರಳು ಸುಟ್ಟುಕೊಂಡು ತೆಗೆದೆ.

ಹೊರಡುವಾಗ ಜಗಳ. ನಾಲ್ಕು ಮೊಟ್ಟೆ ಅಂತಾಳೆ ಅವಳು,
ಎರಡೇ ಅಂತೀನಿ ನಾನು.
ನಾಲ್ಕು. ಎರಡು. ಲಾರಿಯವನು ಮೂರು ಅಂದ, ಸುಮ್ಮನೆ.
"ಬಾಕಿ ಬರೆದುಕೊಳ್ಳಿ" ಅಂತ ಗದರಿದಳು ಆಮಾ,
ಮಹಾರಾಣಿಯಂತೆ.
ಬರೆಯೋಣವೆಂದರೆ ಪೆನ್ಸಿಲಿಲ್ಲ.
ಗಾಲಿಕುರ್ಚಿ ಗಲ್ಲಿ ತಿರುಗುವಾಗ ಕಂಡಿತು,
ಆಮಾಳ ಕಿವಿಯ ಹಿಂದೆ.
ಕರೆಯಲಿಲ್ಲ.