ಮೊಟ್ಟೆಯ ಲೆಕ್ಕ

ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದ ವಾರ
ಹಿತ್ತಲ ಕೋಳಿಗೂಡಿನಲ್ಲಿ ಮೊಟ್ಟೆ ತಪ್ಪತೊಡಗಿತು.
ಸೋಮವಾರ ಎರಡು. ಬುಧವಾರ ಮೂರು.
ಗೋಡೆಯ ಮೇಲೆ, ಸೊಪ್ಪಿನ ಲೆಕ್ಕದ ಪಕ್ಕ,
ಇದ್ದಿಲಲ್ಲಿ ಗೀರು ಎಳೆಯುತ್ತಾ ಬಂದೆ.
ಗೀರು ಹನ್ನೊಂದಾದಾಗ
ಕಾವಿಗೆ ಕೂತ ಕರಿ ಹ್ಯಾಟೆಯ ಹೊಟ್ಟೆಯಡಿ
ಬರೀ ಹೊಟ್ಟು, ಬರೀ ಬಿಸಿ.

ಚಿಪ್ಪಿಲ್ಲ, ಗರಿ ಉದುರಿಲ್ಲ, ಹೆಜ್ಜೆಯಿಲ್ಲ.
ಇಷ್ಟು ಚೊಕ್ಕವಾಗಿ ಕದಿಯುವವರು ಮನುಷ್ಯರೇ ಅಂದುಕೊಂಡೆ.
ಬೇಲಿಯಾಚೆ ಬಯ್ಯಣ್ಣನ ಮೊಮ್ಮಗ ಗಂಗುಲ,
ಶಾಲೆ ತಪ್ಪಿಸಿ ನಮ್ಮ ಹಿಪ್ಪುನೇರಳೆ ಸಾಲಲ್ಲಿ
ನಾಲಿಗೆ ಕಪ್ಪು ಮಾಡಿಕೊಂಡು ತಿರುಗುವವನು.
ನಲ್ಲಿಯ ಹತ್ತಿರ, ಬಿಂದಿಗೆಗಳ ಸಾಲಿನ ಮುಂದೆ,
ಹೆಸರು ಹೇಳದೆ ಹೇಳಿದೆ.
ಎಲ್ಲರ ಕತ್ತೂ ಅವನ ಕಡೆಗೇ ತಿರುಗಿತು.
ಹುಡುಗ ತುಂಬದ ಬಿಂದಿಗೆಯನ್ನೇ ಎತ್ತಿಕೊಂಡು ಹೋದ.

ಅತ್ತೆ ಮಾತ್ರ ಗೂಡಿನ ಹಿಂದಿನ ಚಪ್ಪಡಿ ಸರಿಸಿ
ಒಂದು ಪೊರೆ ಎಳೆದು ತೋರಿಸಿದಳು,
ಆಳುದ್ದ, ಸೀರೆ ಅಂಚಿನಷ್ಟು ಅಗಲ,
ಕಣ್ಣಿನ ಗಾಜು ಕೂಡ ಹಾಗೇ ಇತ್ತು.
"ಒಳಗೆ ನಿನ್ನ ಹುಳ ಜ್ವರ ಬಿಡ್ತಾವೆ,
ಹೊರಗೆ ಇದೂ ಬಿಟ್ಟೈತೆ.
ಜ್ವರ ಬಿಟ್ಟ ಬಾಯಿಗೆ ಹಸಿವು ಜಾಸ್ತಿ ಕಣೆ."

ಆಮೇಲೆ ಊರು ತುಂಬ ಮದ್ದು.
ಬೆಳ್ಳುಳ್ಳಿ ಜಜ್ಜಿ ಸುರಿ ಅಂದರು. ಇಂಗು ಅಂದರು.
ಫಿನಾಯಿಲ್, ಸೀಮೆಎಣ್ಣೆ, ಹೊಗೆಸೊಪ್ಪಿನ ನೀರು.
ಯಾವುದನ್ನು ಸುರಿಯಲಿ?
ಹತ್ತು ಮಾರು ಆಚೆ ತಟ್ಟೆ ತಟ್ಟೆ ಹುಳು,
ಊದುಬತ್ತಿಯ ಹೊಗೆಗೂ ಸೊಪ್ಪು ಬಿಡುವ ಜಾತಿ.
ಇನ್ನೂರು ಮೊಟ್ಟೆ ಹುಳು ಇಳಿಸಿದ ಮನೆ ನಮ್ಮದು.
ಹನ್ನೊಂದು ಮೊಟ್ಟೆಗಾಗಿ ಇನ್ನೂರನ್ನು ಸುಡುವುದೇ?
ಕೊನೆಗೆ ಹುಳುವಿನ ಹಾಸಿಗೆ ಬಿಡಿಸುವ ಹಳೆ ನೈಲಾನ್ ಬಲೆಯನ್ನೇ
ಗೂಡಿನ ಸುತ್ತ ಬಿಗಿದೆ.

ಮೂರನೇ ಬೆಳಿಗ್ಗೆ ಹುಂಜ ಕೂಗಲಿಲ್ಲ.
ಬೈಯುತ್ತಿತ್ತು.
ಬಲೆಯಲ್ಲಿ ಕೇರೆ. ಸುಟ್ಟ ಹೆಂಚಿನ ಬಣ್ಣ.
ಅರ್ಧ ಒಳಗೆ, ಅರ್ಧ ಹೊರಗೆ.
ಬರುವಾಗ ಸಲೀಸಾಗಿ ತೂರಿದ ಕಣ್ಣಿನಲ್ಲಿ
ಹೋಗುವಾಗ ಮೊಟ್ಟೆ ಅಡ್ಡ.
ಕೊರಳಿಂದ ಮೊಳ ಕೆಳಗೆ ಆ ಗುಬುಟು,
ಅದರ ಹಿಂದೆ ದಾರ ಮಾಂಸಕ್ಕೆ ಇಳಿದು
ಹುರುಪೆ ಎದ್ದಿತ್ತು.

ಬಯ್ಯಣ್ಣ ಸನಿಕೆ ತಂದ.
ಯಾರೋ ನಾಗಪ್ಪ ಎಂದು ದೂರದಿಂದಲೇ ಕೈ ಮುಗಿದು
ಕೇರೆ ಅಂತ ಗೊತ್ತಾದ ಮೇಲೆ ಮುಗಿದ ಕೈ ಇಳಿಸಿದರು.
ಹೆಡೆಯಿದ್ದರೆ ಹಾಲು, ಹೆಡೆಯಿಲ್ಲದ್ದಕ್ಕೆ ಸನಿಕೆ,
ನಮ್ಮೂರ ನ್ಯಾಯ.

ರೇಷ್ಮೆಗೂಡಿನ ಜುಂಗು ಬಿಡಿಸುವ ಕತ್ತರಿ ತಂದೆ.
"ಹಿಡ್ಕೊಳ್ಳೋರು ಯಾರು?"
ಬೇಲಿ ಹಾರಿ ಬಂದವನು ಗಂಗುಲ.
ನನ್ನ ಮುಖ ನೋಡಲಿಲ್ಲ.
ಗೋಣಿಚೀಲ ಒದ್ದೆ ಮಾಡಿ ಅದರ ತಲೆಗೆ ಮುಸುಕು ಹಾಕಿ
ಎಳೆಗೂಸಿನ ಕತ್ತಿಗೆ ಕೈ ಕೊಡುವ ಹಾಗೆ ಹಿಡಿದ.
ಒಂದೊಂದೇ ಕಣ್ಣು ಕತ್ತರಿಸುತ್ತಾ ಹೋದೆ.
ಕತ್ತರಿಯ ತುದಿಯಲ್ಲಿ ತಣ್ಣನೆಯ ಹೊಟ್ಟೆ ಉಸಿರಾಡುತ್ತಿತ್ತು.
ಬಾಲ ಅವನ ಮೊಣಕೈಗೆ ಸುತ್ತಿತು, ಬಿಟ್ಟಿತು, ಮತ್ತೆ ಸುತ್ತಿತು.

ಬದುವಿನ ಮೇಲೆ ಬಿಟ್ಟಾಗ ಅದು ಓಡಲಿಲ್ಲ.
ತನ್ನ ಉದ್ದವನ್ನೆಲ್ಲ ಒಮ್ಮೆ ಎಣಿಸಿಕೊಂಡಂತೆ ಇದ್ದು
ಸೊಪ್ಪಿನ ಸಾಲಿನ ನೆರಳಿಗೆ ಇಳಿಯಿತು.

ನಾನು ಹೇಳಬೇಕಿದ್ದ ಮಾತು ಗಂಟಲಲ್ಲಿ
ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ.
ಅವನೇ ಚಡ್ಡಿಗೆ ಕೈ ಒರೆಸಿಕೊಳ್ಳುತ್ತಾ ಅಂದ:
"ಅಕ್ಕ, ಹನ್ನೊಂದರಲ್ಲಿ ಒಂದು ನಂದು.
ಬೇಯಿಸೋಕೆ ಬರದೆ ಹಸೀದೇ ಕುಡಿದೆ."

ಯಾವ ಗೀರು ಅವನದೋ,
ಗೋಡೆ ಮುಂದೆ ಸುಮ್ಮನೆ ನಿಂತೆ.
ಇನ್ನೆರಡು ದಿನಕ್ಕೆ ಹುಳು ಹಣ್ಣಾಗುತ್ತವೆ,
ಚಂದ್ರಿಕೆ ಬಿಸಿಲಿಗೆ ಹಾಕಬೇಕು,
ಶಿಡ್ಲಘಟ್ಟಕ್ಕೆ ಟೆಂಪೊ ಹೇಳಬೇಕು.
ಬಲೆಯ ತೂತು ಹಾಗೇ ಇದೆ.
ಕರಿ ಹ್ಯಾಟೆಯನ್ನು ಮಾತ್ರ ಮಂಕರಿ ಸಮೇತ ಒಳಗೆ ತಂದು
ಒಲೆಯ ಪಕ್ಕ ಕೂರಿಸಿ
ಹೊಟ್ಟೆಯಡಿ ಒಂದು ಬೆಣಚುಕಲ್ಲು ಇಟ್ಟೆ.
ಅದಕ್ಕೂ ಕಾವು ಕೊಡುತ್ತಿದೆ.
ಮುಟ್ಟಲು ಹೋದರೆ ಕುಕ್ಕುತ್ತದೆ.