ಅರ್ಥ್

ಸರ್ವರಿನ ಮುಚ್ಚಳಕ್ಕೆ ಹದಿನಾಲ್ಕು ತಿರುಪು.
ತೀನ್ ಕಂದೀಲಿನ ಗಡಿಯಾರದಂಗಡಿಯಿಂದ
ಕಡ ತಂದ ಸಣ್ಣ ತಿರುಪುಳಿ, ಸಂಜೆಯೊಳಗೆ ಕೊಡಬೇಕು.
ಬಿಚ್ಚಿದ್ದನ್ನು ಬಿಚ್ಚಿದ ಕ್ರಮದಲ್ಲೇ
ಇಡ್ಲಿತಟ್ಟೆಯ ಕುಳಿಗಳಲ್ಲಿ ಇಡುತ್ತ ಹೋದೆ.
ಮೂವತ್ತೊಂದು ವರ್ಷ ಶಕ್ತಿನಗರದ ಕಂಟ್ರೋಲ್ ರೂಮಿನಲ್ಲಿ
ಕೂತವನಿಗೆ ಇಷ್ಟು ಶಿಸ್ತು ಉಳಿದಿದೆ.

ಒಳಗೆ ಬೂದಿ ಇರಲಿಲ್ಲ.
ಇರುತ್ತದೆ ಅಂದುಕೊಂಡಿದ್ದೆ.
ಆ ಕಾಲೊನಿಯಲ್ಲಿ ಅದು ಅಕ್ಕಿ ಡಬ್ಬಿಯಲ್ಲಿತ್ತು,
ಮದುವೆಯ ಆಲ್ಬಮ್ಮಿನ ಹಾಳೆಗಳ ನಡುವೆಯೂ ಇತ್ತು.
ಇಲ್ಲಿ ಬರೀ ಒಂದು ಸತ್ತ ಇರುವೆ,
ಫ್ಯಾನಿಲ್ಲದ ಪೆಟ್ಟಿಗೆಯ ತಣ್ಣನೆ ಅಲ್ಯೂಮಿನಿಯಂ ಮೇಲೆ.

ಕಿಟಕಿಯ ಸರಳು ಮುಟ್ಟಿ
ಮೈಯಲ್ಲಿದ್ದ ಕಿಡಿಯನ್ನು ಗೋಡೆಗೆ ಕೊಟ್ಟೆ.
ಹೊಸ ನೆಟ್‌ವರ್ಕ್ ಕಾರ್ಡು ಅಂಗೈಯಗಲ.
ಬೆಲೆ ನನ್ನ ಮೂರು ತಿಂಗಳ ಪೆನ್ಷನ್ನು;
ಮನೆಯಲ್ಲಿ ಹೇಳಿದ್ದು ಒಂದೂವರೆ.
ಇನ್ನು ತಾಮ್ರದ ಹಂಗಿಲ್ಲ,
ಗಾಜಿನ ಎಳೆಯೊಳಗೆ ಬೆಳಕಾಗಿ ಬರುತ್ತದಂತೆ ಹಾಡು.
ಸ್ಲಾಟಿನ ಮೇಲಿಟ್ಟು ಒತ್ತಿದೆ. ಕೂಡಲಿಲ್ಲ.
ಉಸಿರು ಹಿಡಿದು ಇನ್ನೊಂದಿಷ್ಟು.
ಟಕ್.
ಇನ್ನೂರ ಹತ್ತು ಮೆಗಾವ್ಯಾಟಿನ ಯೂನಿಟ್ಟನ್ನು ಗ್ರಿಡ್ಡಿಗೆ ಕೂಡಿಸುವಾಗ
ಇದಕ್ಕಿಂತ ಕಡಿಮೆ ಹೆದರಿದ್ದೆ.

ಮುಚ್ಚಿ, ಹಚ್ಚಿ, ಕುರ್ಚಿ ಎಳೆದುಕೊಂಡು ಕೂತೆ.
ಹಾಡಿನ ಮೊದಲು ಅದೇ ಹಳೇ ಗುಂಯ್.

ಪಾತ್ರೆ ತೊಳೆದು ಸೆರಗಿಗೆ ಕೈ ಒರೆಸುತ್ತ ಹುಲಿಗೆಮ್ಮ
ಬಾಗಿಲಲ್ಲಿ ನಿಂತಿದ್ದಳು.
"ಯಪ್ಪಾ, ಗುಂಗಿಹುಳ ಇನ್ನಾ ಒಳಗ ಐತ್ರಿ."
ಸ್ವಲ್ಪ ತಡೆದು,
"ಹಿತ್ತಲದಾಗಿನ ಉಪ್ಪಿನ ಗುಂಡಿಗೆ ಹೋದ ಬ್ಯಾಸಗ್ಯಾಗ
ದಿನಾ ಒಂದ್ ಕೊಡ ಹಾಕು ಅಂತಿದ್ರಿ.
ಈ ವರ್ಷ ನೀವು ಹೇಳಿಲ್ಲ, ನಾ ಹಾಕಿಲ್ಲ."

ಅರ್ಥ್ ಪಿಟ್ಟು.
ನಮ್ಮ ಲೈನ್‌ಮನ್‌ಗಳು ಕೊನೆಯಕ್ಷರವನ್ನು ಅರ್ಧಕ್ಕೆ ಬಿಡುವವರಲ್ಲ:
"ಅರ್ಥ ಸರಿ ಇಲ್ರಿ ಸರ, ಅದಕ್ಕ ಹೊಡೀತೈತಿ."
ಇದ್ದಿಲು, ಉಪ್ಪು, ನಡುವೆ ಒಂದು ಕಬ್ಬಿಣದ ಕೊಳವೆ.
ರಾಯಚೂರಿನ ಮೇ ತಿಂಗಳಲ್ಲಿ
ಅರ್ಥ ಒಣಗಿ ಬಿರುಕು ಬಿಟ್ಟಿರುವುದು
ನನಗೆ ಹೊಳೆಯಬೇಕಿತ್ತು, ಹೊಳೆದದ್ದು ಆಕೆಗೆ.

ಒಂದು ಕೊಡ ಹಾಕಿದಳು. ಗುಂಡಿ ಸದ್ದು ಮಾಡಿ ಕುಡಿಯಿತು.
ಎರಡನೆಯದನ್ನು ನಿಧಾನ.
ಮೂರನೆಯದು ತುಂಬಿ ಕರಿಬೇವಿನ ಬುಡಕ್ಕೆ ಹರಿಯಿತು.
ಒಳಗೆ ಬಂದರೆ
ಕೋಣೆಯಲ್ಲಿ ಏನೂ ಇಲ್ಲ. ಅಷ್ಟು ಇಲ್ಲ.

ಆಗ ಹಾಕಿದೆ, ತೊಂಬತ್ತೆರಡರ ಕ್ಯಾಸೆಟ್ಟಿನಿಂದ ಇಳಿಸಿದ್ದನ್ನು:
ಕಾಲೊನಿಯ ಹಾಲಿನಲ್ಲಿ ಸಿರವಾರದ ದುರುಗಮ್ಮನ ತತ್ವಪದ.
ಅಂದು ನನಗೆ ರಾತ್ರಿ ಪಾಳಿ.
ಟೇಪ್ ರೆಕಾರ್ಡರು ಮೌಲಾಸಾಬನ ಕೈಗೆ ಕೊಟ್ಟು
ಕೆಂಪು ಗುಂಡಿ, ಕರಿ ಗುಂಡಿ ಎರಡೂ ಒಟ್ಟಿಗೆ ಒತ್ತು ಅಂದಿದ್ದೆ.
ನೂರು ಸಲ ಕೇಳಿದ್ದೇನೆ.
ಆದರೂ ಏಕತಾರಿಗೆ ಆಕೆಯ ಬಳೆ ತಾಗುವುದು ಇವತ್ತು ಕೇಳಿತು.
ಯಾವುದೋ ಕೂಸು ನೀರು ಬೇಡಿತು.
ಬಾಯ್ಲರಿನ ದೂಳು ತಿಂದ ಮೌಲಾಸಾಬನ ಉಬ್ಬಸ,
ಮೈಕಿಗೆ ಅಷ್ಟು ಹತ್ತಿರ;
ಆತ ಹೋಗಿ ಒಂಬತ್ತು ವರ್ಷ.

ಅದರ ಕೆಳಗೆ, ತೀರಾ ತೆಳ್ಳಗೆ,
ಮತ್ತೆ ಗುಂಯ್.

ಕೊಡ ತರಲು ಎದ್ದವನು ನಡುಮನೆಯಲ್ಲೇ ನಿಂತೆ.
ಇದು ಈ ಮನೆಯದಲ್ಲ.
ಆ ಹಾಲಿನ ದೀಪಗಳದು, ಆ ತಂತಿಯದು,
ತಂತಿಯ ಇನ್ನೊಂದು ತುದಿಯಲ್ಲಿ
ಎರಡನೇ ಯೂನಿಟ್ಟಿನ ಮುಂದೆ ಬೆಳತನಕ
ಸೂಜಿ ಐವತ್ತು ಬಿಟ್ಟು ಕದಲದಂತೆ
ಚಹಾ ಆರಿಸಿಕೊಂಡು ಕೂತಿದ್ದವನದು.

"ಇನ್ನೊಂದ್ ಕೊಡ ಹಾಕ್ಲೇನ್ರಿ?"
"ಬ್ಯಾಡವ್ವ. ಇದು ಇರಲಿ."

ತಿರುಪುಳಿ ನಾಳೆ ಕೊಟ್ಟರಾಯಿತು.
ಇಡ್ಲಿತಟ್ಟೆಯ ಕುಳಿಯಲ್ಲಿ ಒಂದು ತಿರುಪು ಉಳಿದಿದೆ.